ಸರ್ವೆ ನಂಬರ್ ಇಲ್ಲದ ಗ್ರಹದ ಮಣ್ಣು

ಆಗ ನಾನು ಪಾಂಡವಪುರದ ಹತ್ತಿರ ಒಂದು ಖಾಸಗಿ ಮಣ್ಣು ಪರೀಕ್ಷಾ ಪ್ರಯೋಗಾಲಯದಲ್ಲಿ ಹಿರಿಯ ವಿಶ್ಲೇಷಕನಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಹೊಲಗದ್ದೆಗಳ ಮಣ್ಣು ಗುತ್ತಿಗೆಯ ಮೇಲೆ ನಮ್ಮಲ್ಲಿಗೆ ಬರುತ್ತಿತ್ತು. ಆ ಪ್ರಯೋಗಾಲಯ ಈಗ ಇಲ್ಲ. ಅದರ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ; ಬರೆದರೆ ತಪ್ಪೆಲ್ಲ ಆ ಹೆಸರಿನ ಮೇಲೆ ಹೋಗಿ ಕೂರುತ್ತದೆ, ನಾನು ಪಾರಾಗಿಬಿಡುತ್ತೇನೆ.

ಇದನ್ನು ಬರೆಯುವಾಗ ಆ ವರ್ಷದ ಡೈರಿ ಪಕ್ಕದಲ್ಲಿದೆ. ನನ್ನ ನೆನಪು ನನ್ನ ಪರವಾಗಿ ಸಾಕ್ಷಿ ಹೇಳುವ ಚಾಳಿಯದು. ಆದ್ದರಿಂದ ಡೈರಿಗೂ ನೆನಪಿಗೂ ಜಗಳ ಬಿದ್ದ ಕಡೆ ಎರಡನ್ನೂ ಹೇಳುತ್ತೇನೆ.

ಕೆಲಸದ ಕ್ರಮ ಹೀಗಿತ್ತು. ರೈತ ತನ್ನ ಹೊಲದ ಏಳೆಂಟು ಕಡೆ ಅಗೆದು, ಮಣ್ಣನ್ನು ಬೆರೆಸಿ, ಅದರಲ್ಲಿ ಅರ್ಧ ಕೆ.ಜಿ.ಯನ್ನು ಬಟ್ಟೆ ಚೀಲಕ್ಕೆ ತುಂಬಿ ತರುತ್ತಾನೆ. ಜೊತೆಗೊಂದು ನಮೂನೆ: ಹೆಸರು, ಊರು, ಸರ್ವೆ ನಂಬರು, ಇಡುವ ಬೆಳೆ. ನಾವು ಮಣ್ಣನ್ನು ನೆರಳಲ್ಲಿ ಒಣಗಿಸಿ, ಜರಡಿ ಹಿಡಿದು ಅಳೆಯಬೇಕು. ಮುಖ್ಯವಾಗಿ ಮೂರು ಅಳತೆ. ಪಿಎಚ್ ಎಂದರೆ ಮಣ್ಣು ಹುಳಿಯೋ ಸವಳೋ ಎಂಬುದು. ಏಳರ ಆಸುಪಾಸಿದ್ದರೆ ಒಳ್ಳೆಯದು. ಇ.ಸಿ. ಎಂದರೆ ಮಣ್ಣಿನಲ್ಲಿ ಕರಗಿದ ಉಪ್ಪು ಎಷ್ಟಿದೆ ಎಂಬುದು. ಮೂರನೆಯದು ಸಾವಯವ ಇಂಗಾಲ, ಅಂದರೆ ಮಣ್ಣಿನಲ್ಲಿ ಹಿಂದೆ ಬದುಕಿ ಕೊಳೆತದ್ದರ ಉಳಿಕೆ. ಇವನ್ನೆಲ್ಲ ಒಂದು ಕಾರ್ಡಿನಲ್ಲಿ ಬರೆದು, ಎಷ್ಟು ಗೊಬ್ಬರ ಹಾಕಬೇಕೆಂದು ಕೆಳಗೆ ನಮೂದಿಸಿ, ನಾನು ಸಹಿ ಹಾಕುತ್ತಿದ್ದೆ.

ನಡೆಯುತ್ತಿದ್ದದ್ದು ಬೇರೆ. ಬೇಸಿಗೆಯಲ್ಲಿ ಚೀಲಗಳು ಸೂರಿನವರೆಗೆ ಬೀಳುತ್ತಿದ್ದವು, ಮಳೆ ಹಿಡಿಯುವುದರೊಳಗೆ ಕಾರ್ಡು ಹೋಗಬೇಕಿತ್ತು. ಒಂದು ಊರಿನ ಮೊದಲ ಐದಾರು ಚೀಲ ಬಿಚ್ಚಿ ಅಳೆಯುವುದು, ಉಳಿದವಕ್ಕೆ ಅದರ ಅಕ್ಕಪಕ್ಕದ ಅಂಕಿ ತುಂಬುವುದು. ಇದಕ್ಕೆ ನಮ್ಮಲ್ಲಿ 'ಟೇಬಲ್ ರಿಸಲ್ಟ್' ಎಂಬ ಹೆಸರಿತ್ತು. ಟೇಬಲ್ ಮೇಲೆ ಕೂತೇ ಬರುವ ಫಲಿತಾಂಶ. ಬಿಚ್ಚದ ಚೀಲಗಳು ಹಿತ್ತಿಲಿಗೆ ಹೋಗುತ್ತಿದ್ದವು. ಅಲ್ಲಿ ಹನ್ನೆರಡು ಊರಿನ ಕೆಂಪು, ಕಪ್ಪು, ಮರಳು ಎಲ್ಲ ಸೇರಿ ಒಂದೇ ಗುಡ್ಡೆ. ತಪಾಸಣೆಗೆ ಯಾರಾದರೂ ಬರುವ ಮುಂಚೆ ಗೇಟಿನ ಎರಡೂ ಕಡೆ ಹೂಕುಂಡ ಇಡುತ್ತಿದ್ದರು. ಅವುಗಳಿಗೆ ತುಂಬುತ್ತಿದ್ದದ್ದು ಅದೇ ಗುಡ್ಡೆಯ ಮಣ್ಣು. ಬಂದವರು ಹೂವಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು. ಇದನ್ನು ನೋಡಿ ನನಗೆ ಹೇಸಿಗೆಯಾಗುತ್ತಿತ್ತು ಎಂದು ನೆನಪು ಹೇಳುತ್ತದೆ. ಡೈರಿಯಲ್ಲಿ ಆ ವಾರ ಇರುವುದು ಇಷ್ಟೇ: "ಕಾರ್ಡುಗಳು ಹೋದವು. ಬೆನ್ನು ನೋವು."

ಆ ಬೇಸಿಗೆಯಲ್ಲೇ ಬೋರೇಗೌಡರು ಬಂದರು. ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಯ ಹಾಲಿನ ಡೇರಿಯಲ್ಲಿ ಅವರು ಟೆಸ್ಟರ್. ದಿನಕ್ಕೆರಡು ಸಲ ಊರವರ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು ನೀರು ಬೆರೆತಿದೆಯೋ ಇಲ್ಲವೋ ಹೇಳುವ ಕೆಲಸ. ಬಿ.ಎಸ್ಸಿ. ಓದಿದವರು, ಐವತ್ತರ ಹತ್ತಿರದ ವಯಸ್ಸು. ಕೌಂಟರಿನಲ್ಲಿ ಏನೋ ಜೋರು ಮಾತು ಕೇಳಿ ನಾನು ಹೊರಗೆ ಬಂದೆ.

"ಸರ್ವೆ ನಂಬರ್ ಇಲ್ಲದೆ ಮಣ್ಣು ತಗೊಳಲ್ಲ ಕಣ್ರೀ," ಎನ್ನುತ್ತಿದ್ದರು ಮ್ಯಾನೇಜರು.

"ಅಲ್ಲಿಗೆ ಇನ್ನೂ ಸರ್ವೆಯೋರು ಓಗಿಲ್ಲ ಸಾ. ಬೇರೆ ಗ್ರಹ ಅದು."

ಟೆಕ್ನಿಷಿಯನ್ ರತ್ನಮ್ಮ ಒಳಗಿಂದಲೇ ನಕ್ಕರು. ಅರಕೆರೆಯವರು, ಹದಿನೈದು ವರ್ಷದಿಂದ ನಮ್ಮಲ್ಲಿದ್ದವರು, ಬಾಯಿ ಜೋರು. "ಆ ಜಮೀನಿನ್ ಪಾಣಿ ಯಾರ ಎಸ್ರಲ್ಲಿ ಐತೆ ಕೇಳಿ ಸಾರ್," ಎಂದರು.

ಬೋರೇಗೌಡರು ಒಂದು ಕಾದಂಬರಿ ಬರೆಯುತ್ತಿದ್ದರು. ಬೇರೊಂದು ಗ್ರಹಕ್ಕೆ ಹೋದ ಆರು ಜನರಲ್ಲಿ ಐವರು ಸತ್ತು, ಮಾದೇವಿ ಎಂಬ ಒಬ್ಬಳು ಉಳಿಯುತ್ತಾಳೆ. ಕರೆದೊಯ್ಯುವ ನೌಕೆ ಬರಲು ಹದಿನಾಲ್ಕು ತಿಂಗಳು ಬೇಕು. ಊಟ ಇರುವುದು ಎಂಟು ತಿಂಗಳಿಗೆ. ಅವಳ ಹತ್ತಿರ ಒಂದಷ್ಟು ಬಿತ್ತನೆ ರಾಗಿ ಇದೆ. ಇಷ್ಟೇ ಕಥೆ. ಆದರೆ ಇದರಲ್ಲಿ ಮಂತ್ರವಿಲ್ಲ, ಅನ್ಯಲೋಕದ ಜೀವಿಗಳಿಲ್ಲ. ಪ್ರತಿಯೊಂದಕ್ಕೂ ಲೆಕ್ಕ ಇರಬೇಕು. ಅವಳು ದಿನಕ್ಕೆ ಎಷ್ಟು ಲೀಟರ್ ಆಮ್ಲಜನಕ ಎಳೆಯುತ್ತಾಳೆ, ಬೆವರಿನಿಂದ ಎಷ್ಟು ನೀರು ವಾಪಸು ಸಿಗುತ್ತದೆ, ಅಲ್ಲಿಯ ಗುರುತ್ವದಲ್ಲಿ ಒಂದು ಬಕೆಟ್ ಎತ್ತಲು ಎಷ್ಟು ಶಕ್ತಿ ಬೇಕು, ಎಲ್ಲವನ್ನೂ ಡೇರಿಯ ಹಳೆ ರಿಜಿಸ್ಟರುಗಳ ಖಾಲಿ ಹಾಳೆಗಳಲ್ಲಿ ಬಿಡಿಸಿದ್ದರು. ಪುಸ್ತಕದ ಹಿಂಬದಿಯಲ್ಲಿ ಆ ಲೆಕ್ಕಗಳನ್ನೆಲ್ಲ ಅಚ್ಚು ಹಾಕಿಸುವುದೆಂದು ಪ್ರಕಾಶಕರೊಡನೆ ಮಾತಾಗಿತ್ತು. ಓದಿದವರು ತಾವೇ ಕೂಡಿ ಕಳೆದು ನೋಡಬಹುದು.

ಮಣ್ಣನ್ನು ಅವರೇ ತಯಾರಿಸಿದ್ದರು. ಜಲ್ಲಿ ಕ್ರಷರಿನ ಕಪ್ಪು ಕಲ್ಲಿನ ಹಿಟ್ಟು, ತುಕ್ಕಿನ ಪುಡಿ, ಒಗೆಯುವ ಸೋಡಾ. ಜೀವದ ಸುಳಿವೂ ಉಳಿಯಬಾರದೆಂದು ಇಡೀ ಮಿಶ್ರಣವನ್ನು ಬಾಣಲೆಯಲ್ಲಿ ಹಾಕಿ ಗಂಟೆಗಟ್ಟಲೆ ಹುರಿದಿದ್ದರು. ಅವರಿಗೆ ಬೇಕಾಗಿದ್ದದ್ದು ಒಂದು ಕಾಗದ. ಈ ಮಣ್ಣಿನ ಪಿಎಚ್ ಎಷ್ಟು, ಉಪ್ಪು ಎಷ್ಟು, ಇಂಗಾಲ ಎಷ್ಟು.

"ಬದುಕ್ಸೋದು ಸಾಯ್ಸೋದು ನನ್ ಕೈಲಿಲ್ಲ ಸಾ," ಎಂದರು. "ನಿಮ್ ಕಾರ್ಡಲ್ಲಿ ಏನ್ ಬತ್ತದೋ ಅದ್ರ ಮೇಲೆ ಮುಂದ್ಲ ಅಧ್ಯಾಯ."

ಮ್ಯಾನೇಜರು ಸರ್ವೆ ನಂಬರಿನ ಹಟ ಬಿಡಲಿಲ್ಲ. ಕಂಪ್ಯೂಟರ್ ಆ ಕಾಲಂ ಖಾಲಿ ಬಿಟ್ಟರೆ ಮುಂದೆ ಹೋಗುತ್ತಿರಲಿಲ್ಲ. ಕೊನೆಗೆ ಬೋರೇಗೌಡರು ತಮ್ಮ ಹೊಲದ ನಂಬರನ್ನೇ ಬರೆದರು. ಬೆಳೆ ಎಂಬಲ್ಲಿ 'ರಾಗಿ' ಎಂದು ತುಂಬಿದರು. ಆ ಚೀಲ ಅವರ ಊರಿನ ನಲವತ್ತೊಂದನೆಯ ಚೀಲವಾಯಿತು. ನಾನು ಅದನ್ನು ಬೇರೆ ಇಡಿಸಬಹುದಿತ್ತು. ಇಡಿಸಲು ಹೇಳಿದೆ ಎಂದೇ ಬಹಳ ದಿನ ನಂಬಿದ್ದೆ. ರತ್ನಮ್ಮ ಹಾಗೇನೂ ಹೇಳಿಲ್ಲ ಎನ್ನುತ್ತಾರೆ. ಅವರ ಮಾತನ್ನೇ ನಂಬುತ್ತೇನೆ.

ಮೂರು ವಾರಕ್ಕೆ ಕಾರ್ಡು ಹೋಯಿತು. ಪಿಎಚ್ 7.2. ಉಪ್ಪು ಸಾಧಾರಣ. ಸಾವಯವ ಇಂಗಾಲ ಮಧ್ಯಮ. ರಾಗಿಗೆ ಸೂಕ್ತ. ಎಕರೆಗೆ ಇಷ್ಟು ಗಾಡಿ ಕೊಟ್ಟಿಗೆ ಗೊಬ್ಬರ, ಇಷ್ಟು ಕೆ.ಜಿ. ಯೂರಿಯಾ. ಕೆಳಗೆ ನನ್ನ ಸಹಿ.

ಎರಡು ತಿಂಗಳ ಮೇಲೆ ಬೋರೇಗೌಡರು ಮತ್ತೆ ಬಂದರು. ಒಂದು ಕೈಯಲ್ಲಿ ಪ್ಲಾಸ್ಟಿಕ್ ಕುಂಡ, ಇನ್ನೊಂದರಲ್ಲಿ ಹಾಲಿನ ಕ್ಯಾನು. ಕ್ಯಾನಿನೊಳಗೆ ಅದೇ ಮಣ್ಣಿನ ಉಳಿಕೆ ಇತ್ತು. ಕುಂಡದಲ್ಲಿ ರಾಗಿ ಹಾಕಿದ್ದರು. ಮೂರು ಸಲ ಹಾಕಿದ್ದರು. ಮಣ್ಣಿನ ಮೇಲೆ ಬಿಳಿಯ ಹಕ್ಕಳೆ ಕಟ್ಟಿತ್ತು, ಕಾಳು ಹಾಕಿದ ಹಾಗೇ ಕಪ್ಪಾಗಿ ಕೂತಿತ್ತು.

"ಕಾರ್ಡ್ ನಂಬ್ಕಂಡು ಎರಡು ಅಧ್ಯಾಯ ಬರ್ದ್ಬುಟ್ಟಿದೀನಿ ಸಾ," ಎಂದರು. "ಪೈರು ಬಂದು ಮಾದೇವಿ ತೆನೆ ಎಣಿಸ್ತಾವ್ಳೆ. ಇಲ್ಲಿ ನೋಡುದ್ರೆ ಮೊಳ್ಕೆನೇ ಇಲ್ಲ. ಬಿತ್ನೆ ಕೆಟ್ಟಿರ್ಬೇಕು ಅಂತ ಎರಡ್ಸಲ ಬೇರೆ ಕಡೆಯಿಂದ ತಂದೆ."

ಈಗ ನೆನಪಿಗೂ ಡೈರಿಗೂ ದೊಡ್ಡ ಜಗಳ. ನಾನು ಆ ಕ್ಷಣವೇ ನಿಜ ಒಪ್ಪಿಕೊಂಡೆ ಎಂಬ ಚಿತ್ರ ನನ್ನ ತಲೆಯಲ್ಲಿ ಚೆನ್ನಾಗಿ ಕೂತಿದೆ. ಕಿಟಕಿಯ ಬೆಳಕು, ಅವರ ಮುಖ, ನನ್ನ ಗಂಭೀರ ದನಿ ಎಲ್ಲವೂ ಇದೆ. ಡೈರಿಯಲ್ಲಿ ಇರುವುದು: "ಬೋ.ಗೌ. ಬಂದಿದ್ದರು. ಉಪಕರಣ ದೋಷ ಎಂದು ಹೇಳಿದೆ."

ಅವರ ಉತ್ತರ ಮಾತ್ರ ಡೈರಿಯ ಸಹಾಯವಿಲ್ಲದೆ ನೆನಪಿದೆ.

"ಉಪಕರಣಕ್ಕೆ ಯಾಕ್ ಸಾ ಬೈತೀರಾ? ಆನ್ ಮಾಡುದ್ರೆ ತಾನೇ ಅದು ತಪ್ಪೇಳೋದು?"

ಜೇಬಿನಿಂದ ಅವರೂರಿನ ಹತ್ತು ಹನ್ನೆರಡು ಕಾರ್ಡು ತೆಗೆದು ನನ್ನ ಮೇಜಿನ ಮೇಲೆ ಹರಡಿದರು. 7.2, 7.1, 7.2, 7.3, 7.2.

"ದಿಬ್ಬದ ಮೇಲ್ನೋರ್ದೂ ಇದೇಯ, ಕೆರೆ ಕೆಳಗ್ನೋರ್ದೂ ಇದೇಯ. ಊರಿನ್ ಹಾಲೆಲ್ಲಾ ಒಂದೇ ಡಿಗ್ರಿ ಬಂತು ಅಂದ್ರೆ ಏನರ್ಥ ಗೊತ್ತಾ ಸಾ? ಟೆಸ್ಟರ್ರು ಮೀಟ್ರು ಮುಳುಗ್ಸೇ ಇಲ್ಲ ಅಂತ. ನಮ್ ಡೇರೀಲಿ ನಾನ್ ಅಂಗ್ ಮಾಡಿದ್ರೆ ಕ್ಯಾನ್ ತಲೆ ಮೇಲ್ ಸುರಿತಿದ್ರು."

ರತ್ನಮ್ಮ ಕೆಲಸದ ಪುಸ್ತಕ ತಂದು ಆ ದಿನದ ಪುಟ ತೆರೆದಿಟ್ಟರು. ಅವರೂರಿನ ಮಾದರಿಗಳಲ್ಲಿ ಮೊದಲ ಆರಕ್ಕೆ ಮಾತ್ರ ಅಳತೆಗಳಿದ್ದವು. ಅಲ್ಲಿಂದ ಕೆಳಕ್ಕೆ ಒಂದು ಉದ್ದನೆಯ ಗೆರೆ.

ಕ್ಯಾನಿನ ಮಣ್ಣನ್ನು ಅವರೆದುರೇ ಪರೀಕ್ಷಿಸಿದೆವು. ಎಷ್ಟೋ ದಿನಗಳ ಮೇಲೆ ನಾನೇ ಪಿಪೆಟ್ ಹಿಡಿದಿದ್ದೆ. ಮೊದಲು ಒಂದು ಚಿಟಿಕೆ ಮಣ್ಣಿಗೆ ತೆಳು ಆಮ್ಲದ ಎರಡು ಹನಿ ಬಿಟ್ಟೆ. ಸೋಡಾ ಬಾಟಲಿ ಬಿಚ್ಚಿದಂತೆ ನೊರೆಯೆದ್ದು ಗಾಜಿನ ಅಂಚಿಗೆ ಬಂತು. ಕಾಲೇಜು ಮಕ್ಕಳೂ ಮಾಡುವ ಪರೀಕ್ಷೆ, ಅರ್ಧ ನಿಮಿಷದ್ದು. ಆ ಅರ್ಧ ನಿಮಿಷವನ್ನೂ ನಾವು ಆ ಚೀಲಕ್ಕೆ ಕೊಟ್ಟಿರಲಿಲ್ಲ. ಪಿಎಚ್ ಮೀಟರು 10.4ಕ್ಕೆ ಹೋಗಿ ನಿಂತಿತು. ಅಷ್ಟು ಸವಳಿನಲ್ಲಿ ರಾಗಿ ಏಳುವುದಿಲ್ಲ. ಇಂಗಾಲಕ್ಕೆ ಮಾಡುವ ಪರೀಕ್ಷೆಯಲ್ಲಿ ಮಣ್ಣೇ ಹಾಕದ ಒಂದು ಫ್ಲಾಸ್ಕನ್ನೂ ಹೋಲಿಕೆಗೆ ಇಡುತ್ತೇವೆ, ಅದನ್ನು ಬ್ಲ್ಯಾಂಕ್ ಎನ್ನುತ್ತೇವೆ. ಮಣ್ಣಿನಲ್ಲಿ ಇಂಗಾಲ ಹೆಚ್ಚಿದ್ದಷ್ಟೂ ಬ್ಲ್ಯಾಂಕಿಗೂ ಅದಕ್ಕೂ ಅಂತರ ಹೆಚ್ಚು. ಇಲ್ಲಿ ಎರಡೂ ಅಳತೆ ನಳಿಕೆಯ ಒಂದೇ ಗೆರೆಯಲ್ಲಿ ಬಣ್ಣ ಬದಲಿಸಿದವು. ಆ ಮಣ್ಣಿನಲ್ಲಿ ಎಂದೂ ಏನೂ ಬದುಕಿರಲಿಲ್ಲ.

"ಆ, ಇದು!" ಎಂದರು ಬೋರೇಗೌಡರು. ಅವರ ಮುಖದಲ್ಲಿ ಕೋಪವಿರಲಿಲ್ಲ, ಸಂತೋಷವಿತ್ತು. ಬಾಣಲೆಯಲ್ಲಿ ಹುರಿದದ್ದು ಸಾರ್ಥಕವಾಯಿತೆಂಬ ಸಂತೋಷ. "ಈಗ ಅವಳ್ಗೆ ನಿಜವಾದ್ ಕಷ್ಟ ಬಂತು."

"ನಮ್ಮ ಕಡೆ ಚೌಳು ಗದ್ದೆಗೆ ಬದ ಕಟ್ಟಿ, ಜಿಪ್ಸಂ ಆಕಿ, ನೀರ್ ನಿಲ್ಸಿ ಬುಡ್ತಾರೆ," ಎಂದರು ರತ್ನಮ್ಮ. "ಉಪ್ಪೆಲ್ಲಾ ತೊಳ್ಕಂಡ್ ಓಯ್ತದೆ. ಆಮೇಲೆ ಅಸ್ರೆಲೆ ಗೊಬ್ರಕ್ಕೆ ಡಯಂಚ ಬಿತ್ತುದ್ರೆ ಆಯ್ತು."

"ನಿಮಗೇನವ್ವ, ನಾಲೆ ಪಕ್ಕದೋರು! ಅಲ್ಲಿ ಕುಡಿಯಾಕೆ ಅಳೆದು ಇಟ್ಕಂಡವ್ಳೆ. ನೀರ್ ಎಲ್ಲಿಂದ ತರ್ಲಿ?"

"ಕುಡಿಯೋದ್ರಲ್ಲೇ ಒಂದ್ ಪಾಲು ಬುಡ್ಲಿ. ಇಡೀ ಗದ್ದೆ ತೊಳೀಬೇಕು ಅಂತ ಯಾರೇಳಿದ್ರು? ಒಂದ್ ಮಡಿ ತೊಳೀಲಿ. ತೊಳದ್ ನೀರ್ನ ಕಾಯ್ಸಿ ಭಟ್ಟಿ ಇಳಿಸ್ಕಳ್ಳಿ."

ಬೋರೇಗೌಡರು ರಿಜಿಸ್ಟರ್ ತೆರೆದು ಅಲ್ಲೇ ನಿಂತು ಬರೆಯತೊಡಗಿದರು. ಒಂದು ಮಡಿಗೆ ಎಷ್ಟು ಲೀಟರು, ಅವಳು ಎಷ್ಟು ದಿನ ಅರೆ ಬಾಯಾರಿಕೆಯಲ್ಲಿ ಇರಬೇಕು ಎಂದು ಇಬ್ಬರೂ ಕೂಡಿಸುತ್ತ ಕೂತರು. ನನ್ನ ಪ್ರಯೋಗಾಲಯದಲ್ಲಿ ಅಷ್ಟು ಶ್ರದ್ಧೆಯಿಂದ ಲೆಕ್ಕ ನಡೆದದ್ದು ನೋಡಿ ಬಹಳ ಕಾಲವಾಗಿತ್ತು. ಅದೂ ಇಲ್ಲದ ಹೆಂಗಸಿನ ಇಲ್ಲದ ಹೊಲಕ್ಕೆ. ಇರುವ ಹೊಲಗಳ ಮಣ್ಣು ಹಿತ್ತಿಲಿನಲ್ಲಿತ್ತು.

ಹೋಗುವ ಮುಂಚೆ ಅವರು ತಾವು ಬಂದ ಕೆಲಸ ಹೇಳಿದರು. "ಇದ್ನ ಬರ್ದು ಸೈನ್ ಆಕ್ಕೊಡಿ ಸಾ. ಬಾಯ್ ಮಾತು ಅಚ್ಚಾಗಲ್ಲ. ಕಾಗ್ದ ಇಲ್ದೆ ಮುಂದಕ್ ಬರಿಯಾಕಿಲ್ಲ ನಾನು."

ಸಣ್ಣ ಕೋರಿಕೆ. ಆದರೆ ಒಂದೇ ಸರ್ವೆ ನಂಬರಿಗೆ ಹೀಗೆ ಎರಡನೆಯ ಕಾರ್ಡು ಹೊರಟರೆ ಮೊದಲನೆಯದನ್ನು ಪರೀಕ್ಷಿಸಿಯೇ ಇರಲಿಲ್ಲ ಎಂದು ಒಪ್ಪಿದಂತೆ. ಅದು ಸುಳ್ಳಾದರೆ ಆ ಊರಿನವು ಸುಳ್ಳು, ಆ ಋತುವಿನವು ಸುಳ್ಳು. ಕೊಡದಿದ್ದರೆ ಅವರ ಪುಸ್ತಕ ನಿಲ್ಲುತ್ತದೆ. ಎರಡು ದಿನ ಬಿಟ್ಟು ಬನ್ನಿ ಎಂದೆ.

ಮ್ಯಾನೇಜರಿಗೆ ಹೇಳಿದೆ. ಅವರು ಬೆವರಲೂ ಇಲ್ಲ. "ಮೋಸ ಮಾಡಿದ್ದು ಯಾರ್ರೀ? ಕ್ರಷರ್ ಪುಡಿ ತಂದು ಹೊಲದ ಮಣ್ಣು ಅಂತ ಕೊಟ್ಟಿದ್ದು ಅವನು. ಸುಳ್ಳು ಸರ್ವೆ ನಂಬರು. ಅವನು ಮಾಡೋದು ಟೆಸ್ಟರ್ ಕೆಲಸ ಅಲ್ವಾ? ಅವರ ಹಾಲಿನ ಸಂಘಕ್ಕೆ ಒಂದು ಕಾಗದ ಹಾಕಿದ್ರೆ ಇರೋ ಕೆಲಸವೂ ಇರಲ್ಲ. ಡ್ರಾಫ್ಟ್ ಮಾಡಿಸ್ತೀನಿ, ನೀವು ಸೈನ್ ಮಾಡಿ."

ಡ್ರಾಫ್ಟ್ ಮಧ್ಯಾಹ್ನವೇ ಬಂತು. ಎಷ್ಟು ನೀಟಾಗಿ ಟೈಪಾಗಿತ್ತೆಂದರೆ, ಆ ಪ್ರಯೋಗಾಲಯದಲ್ಲಿ ಎಲ್ಲ ಕಾಗದಗಳೂ ನೀಟಾಗಿಯೇ ಇರುತ್ತಿದ್ದವು ಎಂಬುದು ಆಗ ಹೊಳೆಯಿತು. ಹಿತ್ತಿಲಿಗೆ ಹೋಗಿ ಮಣ್ಣಿನ ಗುಡ್ಡೆಯ ಪಕ್ಕ ಸ್ವಲ್ಪ ಹೊತ್ತು ಕೂತು ವಾಪಸು ಬಂದೆ.

ಆ ಪತ್ರಕ್ಕೆ ನಾನು ಸಹಿ ಹಾಕಲಿಲ್ಲ. ಇಷ್ಟಕ್ಕೆ ನಿಲ್ಲಿಸಿದರೆ ಕಥೆ ನನಗೆ ಅನುಕೂಲವಾಗಿದೆ. ಆದರೆ ನಾನು ಬೋರೇಗೌಡರು ಕೇಳಿದ ಕಾಗದವನ್ನೂ ಕೊಡಲಿಲ್ಲ. ಎರಡು ದಿನವೆಂದದ್ದು ಒಂಬತ್ತಾಯಿತು. ಒಮ್ಮೆ ಫೋನಿನಲ್ಲಿ, ಹಿಂಬದಿಯ ಆ ಲೆಕ್ಕದ ಹಾಳೆಗಳನ್ನೇ ಬಿಟ್ಟುಬಿಡಬಹುದಲ್ಲ, ಕಾದಂಬರಿ ಓದುವವರು ಯಾರು ಪಿಎಚ್ ಕೇಳುತ್ತಾರೆ ಎಂದೆ.

"ಹಾಲ್ ಕುಡಿಯೋರೂ ಡಿಗ್ರಿ ಕೇಳಲ್ಲ ಸಾ," ಎಂದು ಅವರು ಫೋನಿಟ್ಟರು.

ಕೊನೆಗೆ ಒಂದು ಜಾಣತನ ಮಾಡಿದೆ. ಹೊಸ ನಮೂನೆ ತೆಗೆದು ಅವರ ಕ್ಯಾನಿನ ಮಣ್ಣನ್ನು 'ಹೊಸ ಮಾದರಿ' ಎಂದು ದಾಖಲಿಸಿದೆ. ಸರಿಯಾದ ಅಂಕಿಗಳನ್ನೇ ಬರೆದೆ. ಸಹಿ ಹಾಕಿದೆ. ಹೊಸ ಮಾದರಿಯೆಂದರೆ ಬೇರೆ ಮಣ್ಣು, ಹಳೆಯದರ ಪ್ರಶ್ನೆ ಏಳುವುದಿಲ್ಲ. ಅವರಿಗೆ ಕಾಗದವೂ ಸಿಕ್ಕಿತು, ನನ್ನ ತಲೆಯೂ ಉಳಿಯಿತು. ಆ ಇಡೀ ನೌಕರಿಯಲ್ಲಿ ನಾನು ಮಾಡಿದ ಕೆಲಸಗಳಲ್ಲಿ ನನಗೆ ಅತ್ಯಂತ ಅಸಹ್ಯ ಹುಟ್ಟಿಸುವುದು ಇದೇ. ಬಿಚ್ಚದ ಚೀಲಕ್ಕೆ ಅಂಕಿ ಬರೆದದ್ದು ಸೋಮಾರಿತನ, ಎಲ್ಲರೂ ಮಾಡುತ್ತಿದ್ದದ್ದು. ಇದನ್ನು ಕೂತು ಯೋಚಿಸಿ ಮಾಡಿದೆ.

ಬೋರೇಗೌಡರು ಕಾರ್ಡನ್ನು ಎರಡು ಸಲ ಓದಿದರು. 'ಹೊಸ ಮಾದರಿ' ಎಂಬಲ್ಲಿ ಅವರ ಬೆರಳು ನಿಂತಿತು. ನನ್ನ ಮುಖ ನೋಡಿದರು. "ಆಗ್ಲಿ ಬುಡಿ ಸಾ. ಅಂಕಿ ಸರಿ ಐತಲ್ಲ," ಎಂದು ಕುಂಡ, ಕ್ಯಾನು ಎತ್ತಿಕೊಂಡು ಬಸ್ಸಿಗೆ ಹೋದರು.

ಮರುವರ್ಷ ಪುಸ್ತಕ ಬಂತು. ಒಂದು ಪ್ರತಿ ನನಗೂ ಕಳಿಸಿದ್ದರು. ಮಾದೇವಿ ಬದುಕುತ್ತಾಳೆ. ಕುಡಿಯುವ ನೀರಿನಲ್ಲೇ ಪಾಲು ಬಿಟ್ಟು ಒಂದೇ ಮಡಿ ತೊಳೆದುಕೊಳ್ಳುತ್ತಾಳೆ, ತನ್ನದೇ ಹೊಲಸನ್ನು ಗೊಬ್ಬರ ಮಾಡುತ್ತಾಳೆ, ಬಾಯಾರಿ ನಾಲಿಗೆ ದಪ್ಪಗಾಗಿ ಹೆಸರು ಹೇಳಿಕೊಳ್ಳಲೂ ಆಗದ ಒಂದು ಅಧ್ಯಾಯವಿದೆ. ನನಗೆ ಅದನ್ನು ಒಂದೇ ಸಲಕ್ಕೆ ಓದಲಾಗಲಿಲ್ಲ. ಹಿಂಬದಿಯಲ್ಲಿ ಲೆಕ್ಕಗಳು. ಕೊನೆಯ ಎದುರುಬದುರು ಪುಟಗಳಲ್ಲಿ ನಮ್ಮ ಎರಡು ಕಾರ್ಡುಗಳು, ಇದ್ದ ಹಾಗೇ. ಎಡಕ್ಕೆ 7.2, ಬಲಕ್ಕೆ 10.4. ಪ್ರಯೋಗಾಲಯದ ಹೆಸರನ್ನು ಅಳಿಸಿದ್ದರು, ನನ್ನದನ್ನೂ ಅಳಿಸಿದ್ದರು. ಟಿಪ್ಪಣಿ ಒಂದೇ ಸಾಲಿನದು: "ಎರಡೂ ಒಂದೇ ಮಣ್ಣಿನವು. ಕಾದಂಬರಿಯಲ್ಲಿ ಬಲಗಡೆಯದನ್ನು ಬಳಸಿದೆ."

ಮ್ಯಾನೇಜರು ಕಾದಂಬರಿ ಓದುವವರಲ್ಲ, ಅವರಿಗೆ ಗೊತ್ತಾಗಲೇ ಇಲ್ಲ. ಆದರೆ ಡೇರಿಯಲ್ಲಿ ಹಾಲು ಹಾಕಲು ನಿಂತವರ ಕೈಯಿಂದ ಕೈಗೆ ಆ ಪುಟ ತಿರುಗಿತ್ತು. ಆ ಬೇಸಿಗೆ ಒಂದು ಬೆಳಿಗ್ಗೆ ಅವರೂರಿನ ಏಳು ಜನ ಪ್ಲಾಸ್ಟಿಕ್ ಕವರಿನಲ್ಲಿ ತಂತಮ್ಮ ಕಾರ್ಡು ಹಿಡಿದು ಬಂದರು. ಮುಂದೆ ಇದ್ದದ್ದು ನಿಂಗಮ್ಮ ಎಂಬ ವಯಸ್ಸಾದ ಹೆಂಗಸು. ಕಾರ್ಡನ್ನು ನನ್ನ ಮುಂದೆ ಚಾಚಿದಳು.

"ಅಪ್ಪಾ, ಓದ್ ಬಾರದು ನಂಗೆ. ನಮ್ದು ಎಡಗಡೇದಾ, ಬಲಗಡೇದಾ?"

ಕಾರ್ಡಿನಲ್ಲಿ 7.1 ಇತ್ತು. ಕೆಳಗೆ ನನ್ನ ಸಹಿ. ಅವಳ ಹಿಂದಿದ್ದವನೊಬ್ಬ, "ಅಜ್ಜೀ, ನಿಂದು ಗ್ರಹುದ್ದು ಕಣಮ್ಮೋ," ಎಂದು ನಗಿಸಲು ನೋಡಿದ. ಅವಳು ನಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

"ಗೊತ್ತಿಲ್ಲ ತಾಯಿ," ಎಂದೆ. "ನಿಮ್ಮ ಚೀಲ ನಾವು ಬಿಚ್ಚಿಲ್ಲ."

ಅಂದು ಮ್ಯಾನೇಜರು ಇನ್ನೂ ಬಂದಿರಲಿಲ್ಲ. ಏಳು ಜನರಿಗೂ ಹೊಸ ಬಟ್ಟೆ ಚೀಲ ಕೊಟ್ಟು, ಮತ್ತೆ ಮಣ್ಣು ತನ್ನಿ, ನೀವು ನೋಡುತ್ತಿರುವಾಗಲೇ ಮಾಡುತ್ತೇನೆ ಎಂದೆ. ಆರು ಜನ ತಂದರು. ರತ್ನಮ್ಮನೂ ನಾನೂ ಆರನ್ನೂ ಬಿಚ್ಚಿದೆವು. ನಿಂಗಮ್ಮನ ಹೊಲದ್ದು 8.6 ಇತ್ತು. ಹಿಂದಿನ ವರ್ಷವೆಲ್ಲ ಅವಳು ನಮ್ಮ ಕಾರ್ಡಿನಲ್ಲಿದ್ದ ಗೊಬ್ಬರವನ್ನೇ ಹಾಕಿದ್ದಳು. ವಾರ ಕಳೆಯುವುದರೊಳಗೆ ಸಹಿ ಹಾಕುವ ಕೆಲಸವನ್ನು ನನ್ನಿಂದ ತೆಗೆದು ಬೇರೆಯವರಿಗೆ ಕೊಟ್ಟರು. ಉಳಿದ ತಿಂಗಳುಗಳನ್ನು ನಾನು ಜರಡಿ ಹಿಡಿಯುತ್ತ ಕಳೆದೆ.

ಆ ಏಳನೆಯವರು ಯಾಕೆ ಬರಲಿಲ್ಲವೋ ತಿಳಿಯದು. ಆ ಊರು ಬಿಟ್ಟು ಉಳಿದ ಊರುಗಳಿಗೆ ಹೋದ ಕಾರ್ಡುಗಳು ಎಷ್ಟು, ಯಾರ ಮನೆಯ ಗೋಡೆಗೆ ಸಿಕ್ಕಿಸಿವೆ ಎಂಬುದೂ ತಿಳಿಯದು. ಅವನ್ನು ವಾಪಸು ತರಿಸಿ ಸರಿಪಡಿಸೋಣವೆಂದರೆ ಅಳೆಯಲು ಆ ಚೀಲಗಳ ಮಣ್ಣೇ ಉಳಿದಿರಲಿಲ್ಲ.

ಮೂವತ್ತು ವರ್ಷದ ಕೆಲಸ ನನಗೆ ಕಲಿಸಿದ್ದೇನು ಎಂದು ಯಾರಾದರೂ ಕೇಳಿದರೆ ಹೇಳುವುದು ಇಷ್ಟು: ಅಳೆಯದಿದ್ದಾಗ 'ಅಳೆದಿಲ್ಲ' ಎಂದು ಬರೆಯಲು ಕಾರ್ಡಿನಲ್ಲಿ ಒಂದು ಕಾಲಂ ಇರಬೇಕಿತ್ತು, ಇರಲಿಲ್ಲ. ಇಲ್ಲದಿದ್ದರೂ ಅಂಚಿನಲ್ಲಿ ನಾನು ಕೈಯಲ್ಲೇ ಬರೆಯಬಹುದಿತ್ತು. ಜಾಗ ಸಾಕಷ್ಟಿತ್ತು.